ಕಂಪನಿ ಮುಳುಗಿದ್ರೆ ನಿಮ್ಮ ದುಡ್ಡೂ ಮುಳುಗುತ್ತಾ?

ಶೇರು ಹಲಾಲಾ ಹರಾಮಾ ಅಂತ ಕೇಳೋರಿಗೆ ನಾನು ತಿರುಗಿಸಿ ಕೇಳೋದು ಒಂದೇ, ಕಂಪನಿ ಮುಳುಗಿದ್ರೆ ನಿಮ್ಮ ದುಡ್ಡೂ ಮುಳುಗುತ್ತಾ? ಹೂಂ, ಮುಳುಗುತ್ತೆ ಅಂದ್ರೆ ಕೂತ್ಕೊಳ್ಳಿ, ಮಾತಾಡೋಣ. ಇಲ್ಲ ಭಾಯ್, ಅಸಲು ಎಲ್ಲೂ ಹೋಗಲ್ಲ, ತಿಂಗಳು ತಿಂಗಳು ಇಷ್ಟು ಅಂತ ಬರ್ತಾನೇ ಇರುತ್ತೆ, ಆದ್ರೆ ಬಡ್ಡಿ ಅಲ್ಲ, ಹಲಾಲ್ ಅಂತ ಬರೆದೇ ಕೊಟ್ಟಿದ್ದಾರೆ ಅಂದ್ರೆ, ಅಲ್ಲಿ ಒಂದು ರೂಪಾಯಿನೂ ಹಾಕ್ಬೇಡಿ ಅಂತೀನಿ. ಕೇಳಿದವರಿಗೆ ಇದು ಉಲ್ಟಾ ಅನ್ಸುತ್ತೆ. ದುಡ್ಡು ಹೋಗೋ ಸಾಧ್ಯತೆ ಇರೋದು ಜೂಜು, ದುಡ್ಡು ಸೇಫ್ ಆಗಿರೋದು ಹಲಾಲ್ ಅಂತ ನಮ್ಮ ಜನರ ತಲೆಯಲ್ಲಿ ಹೇಗೋ ಕೂತುಬಿಟ್ಟಿದೆ. ಶರೀಅತ್, ಅಂದ್ರೆ ಇಸ್ಲಾಮಿನ ಧರ್ಮದ ಕಾನೂನು, ಹೇಳೋದು ಬಹುಪಾಲು ಇದರ ವಿರುದ್ಧ, ಮತ್ತೆ ಈ ಒಂದು ತಪ್ಪು ತಿಳುವಳಿಕೆಯಿಂದ ನಮ್ಮ ಸಮುದಾಯ ಕಳ್ಕೊಂಡಿರೋದು ಸ್ವಲ್ಪ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾನು ಆಲಿಮ್ (ಧರ್ಮ ವಿದ್ವಾಂಸ) ಅಲ್ಲ, ಫತ್ವಾ ಅಂದ್ರೆ ಧಾರ್ಮಿಕ ತೀರ್ಪು ಕೊಡೋ ಅಧಿಕಾರ ನನಗಿಲ್ಲ. ಶಿವಮೊಗ್ಗ ಜಿಲ್ಲೆಯವನು, ಅಕೌಂಟ್ಸ್ ಕೆಲಸ ಮಾಡ್ತೀನಿ, ಅಂಗಡಿಯವರ ಜಿಎಸ್‌ಟಿ, ಸಂಬಳದವರ ರಿಟರ್ನ್, ಹಾಗೇ ಈಗೀಗ ಟ್ರೇಡಿಂಗ್ ಮಾಡೋ ಹುಡುಗರ ಲಾಭ ನಷ್ಟದ ಸ್ಟೇಟ್‌ಮೆಂಟ್. ಈ ಸ್ಟೇಟ್‌ಮೆಂಟ್ ನೋಡ್ತಾ ನೋಡ್ತಾ, ರಂಜಾನಲ್ಲಿ ಜಕಾತ್ (ಕಡ್ಡಾಯ ದಾನ) ಲೆಕ್ಕ ಹಾಕ್ಸೋಕೆ ಬಂದವರ ಪ್ರಶ್ನೆ ಕೇಳ್ತಾ ಕೇಳ್ತಾ, ಹಜ್ರತ್‌ಗಳ ಹತ್ರ ಕೂತು ಕೇಳಿ ತಿಳ್ಕೊಂಡು, ಓದಿ, ನನಗೆ ಅರ್ಥ ಆಗಿದ್ದನ್ನ ಹೇಳ್ತೀನಿ. ನಿಮ್ಮ ವಿಷಯದಲ್ಲಿ ಕೊನೆ ಮಾತು ನೀವು ನಂಬೋ ಮುಫ್ತಿ ಸಾಹೇಬರದ್ದೇ.

ಕುರ್‌ಆನಿನ ಎರಡನೇ ಅಧ್ಯಾಯ ಅಲ್ ಬಕರಾದ 275ನೇ ಆಯತ್ ಎಲ್ಲರಿಗೂ ಬಾಯಿಗೆ ಬರುತ್ತೆ, ಅಲ್ಲಾಹ್ ವ್ಯಾಪಾರವನ್ನ ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನ ಹರಾಮ್ ಮಾಡಿದ್ದಾನೆ. ಆದ್ರೆ ಅದೇ ಆಯತ್‌ನಲ್ಲಿ ಅದಕ್ಕೂ ಮೊದಲು ಆ ಕಾಲದ ಜನರ ಒಂದು ವಾದ ಇದೆ, ವ್ಯಾಪಾರನೂ ಬಡ್ಡಿ ಥರಾನೇ ಅಲ್ವಾ ಅಂತ. ಆ ವಾದ ಸುಮ್ನೆ ತಳ್ಳಿಹಾಕೋ ಹಾಗಿಲ್ಲ, ಎರಡರಲ್ಲೂ ನೂರು ಹಾಕಿ ನೂರಹತ್ತು ತಗೋತೀವಿ ತಾನೇ. ಹಾಗಾದ್ರೆ ಫರಕ್ ಎಲ್ಲಿದೆ? ಫುಕಹಾಗಳು, ಅಂದ್ರೆ ಶರೀಅತ್ ಕಾನೂನಿನ ಪಂಡಿತರು, ಇದನ್ನ ಹುಡುಕ್ತಾ ಹೋಗಿ ಹಿಡಿದುಕೊಂಡ ಎಳೆಗಳಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಅನ್ಸೋದು ಒಂದು ಹದೀಸ್ (ಪ್ರವಾದಿಯವರ ಮಾತು), ಅಲ್ ಖರಾಜ್ ಬಿಲ್ ಜಮಾನ್, ಅಂದ್ರೆ ನಷ್ಟದ ಹೊಣೆ ಯಾರ ತಲೆ ಮೇಲಿದೆಯೋ ಆದಾಯವೂ ಅವನದ್ದು. ಇನ್ನೊಂದು ಹದೀಸಲ್ಲಿ ಪ್ರವಾದಿ (ಸ) ಹೊಣೆ ಹೊರದೆ ತಗೊಳ್ಳೋ ಲಾಭವನ್ನೂ, ನಿನ್ನ ಹತ್ರ ಇಲ್ಲದ್ದನ್ನ ಮಾರೋದನ್ನೂ ಒಂದೇ ಉಸಿರಲ್ಲಿ ಬೇಡ ಅಂದಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಒಟ್ಟೋಮನ್ನರು ಹನಫಿ ಪಂಥದ ಫಿಕ್ಹ್‌ನ, ಅಂದ್ರೆ ಶರೀಅತ್ ಕಾನೂನು ಶಾಸ್ತ್ರನ, ಕಾನೂನು ಪುಸ್ತಕದ ರೂಪಕ್ಕೆ ತಂದಾಗ, ಅದನ್ನ ಮಜಲ್ಲಾ ಅಂತಾರೆ, ಖರಾಜ್ ಬಿಲ್ ಜಮಾನ್‌ನ ಅದರ 85ನೇ ಕಲಮಾಗಿ ಇಟ್ಟರು.

ಬಡ್ಡಿಗೆ ಕೊಟ್ಟವನಿಗೆ ಹೊಣೆ ಇಲ್ಲ. ಸಾಲ ತಗೊಂಡವನ ಅಂಗಡಿ ಸುಟ್ಟುಹೋದ್ರೂ ಅವನಿಗೆ ಅಸಲೂ ಬೇಕು, ಮೇಲಿನದ್ದೂ ಬೇಕು. ವ್ಯಾಪಾರಿ ಹಾಗಲ್ಲ, ಮಾಲು ಖರೀದಿ ಮಾಡಿ ಗೋಡೌನಿಗೆ ತಂದು ಹಾಕಿದ ಗಳಿಗೆಯಿಂದ ಇಲಿ ತಿಂದ್ರೂ ಅವನದ್ದೇ, ರೇಟು ಬಿದ್ರೂ ಅವನದ್ದೇ. ಪ್ರವಾದಿಯವರು ಮದುವೆಗೆ ಮೊದಲು ಖದೀಜಾ ಅವರ ಬಂಡವಾಳ ತಗೊಂಡು ಸಿರಿಯಾಕ್ಕೆ ವ್ಯಾಪಾರಕ್ಕೆ ಹೋಗಿದ್ದರಲ್ಲ, ಒಬ್ಬರ ದುಡ್ಡು ಇನ್ನೊಬ್ಬರ ದುಡಿಮೆ ಸೇರೋ ಆ ಪದ್ಧತಿನ ಫಿಕ್ಹ್ ಮುಜಾರಬತ್ ಅಂತ ಒಪ್ಪಿಕೊಂಡಿದೆ. ಲಾಭ ಬಂದ್ರೆ ಮೊದಲೇ ಮಾತಾಡ್ಕೊಂಡ ಪಾಲಿನ ಪ್ರಕಾರ ಹಂಚ್ಕೋಬೇಕು, ನಷ್ಟ ಆದ್ರೆ ದುಡ್ಡು ಹಾಕಿದವರದ್ದು ದುಡ್ಡು ಹೋಯ್ತು, ದುಡಿದವರದ್ದು ದುಡಿಮೆ ಹೋಯ್ತು. ಬಂಡವಾಳ ಹಾಕಿದವರಿಗೆ ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಕೊಟ್ಟರೆ ಮುಜಾರಬತ್ ಅಲ್ಲೇ ಕೆಟ್ಟುಹೋಗುತ್ತೆ, ಇದರಲ್ಲಿ ನಾಲ್ಕೂ ಮಜ್‌ಹಬ್‌ಗಳಿಗೆ (ಸುನ್ನಿ ಕಾನೂನು ಪಂಥಗಳಿಗೆ) ಭಿನ್ನಾಭಿಪ್ರಾಯ ಇಲ್ಲ.

ಈಗ ಇನ್ನೊಂದು ಮಾತು, ಗರರ್. ಅಂದ್ರೆ ಯಾವುದನ್ನ ಮಾರ್ತಿದ್ದೀವೋ ಅದು ಇದೆಯೋ ಇಲ್ಲವೋ, ಎಷ್ಟು, ಯಾವಾಗ ಕೈಗೆ ಬರುತ್ತೆ ಅನ್ನೋದೇ ಗೊತ್ತಿಲ್ಲದ ಅನಿಶ್ಚಿತತೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮ ಮಲೆನಾಡಿನವರು ದೂರ ಹೋಗ್ಬೇಕಿಲ್ಲ. ನಮ್ಮಲ್ಲಿ ಅಡಿಕೆ ತೋಟದ ಫಸಲು ಚೇಣಿ ಕೊಡ್ತಾರೆ, ಕಾಯಿ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ಬಂದು ತೋಟ ಸುತ್ತಿ ನೋಡಿ, ಮಾತಾಡಿ, ಅಡ್ವಾನ್ಸ್ ಕೊಟ್ಟು ಹೋಗ್ತಾನೆ, ಆಮೇಲೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಅವನದ್ದು. ನಮ್ಮ ಜಮಾತಿನ ಎಷ್ಟೋ ಮನೆಗಳ ಅನ್ನ ಇದೇ ಕೆಲಸದ್ದು. ಕೋಲಾರದ ಶ್ರೀನಿವಾಸಪುರದ ಕಡೆ ಮಾವಿನ ತೋಟ ಹೂ ಬಿಟ್ಟಾಗಲೇ ವ್ಯಾಪಾರಿಗಳು ಮಾತಾಡಿ ಹಿಡ್ಕೊಳ್ಳೋದುಂಟು. ಮದೀನಾದಲ್ಲೂ ಖರ್ಜೂರದ ತೋಟಗಳಲ್ಲಿ ಇದೇ ನಡೀತಿತ್ತು, ಆಮೇಲೆ ರೋಗ ಬಂದು ಕಾಯಿ ಉದುರಿದ್ರೆ ಜಗಳ. ಅದಕ್ಕೆ ಪ್ರವಾದಿಯವರು, ಹಣ್ಣು ಹಣ್ಣಾಗೋ ಲಕ್ಷಣ ಕಾಣೋ ತನಕ ಮಾರಬೇಡಿ ಅಂದ್ರು, ಜೊತೆಗೆ ಒಂದು ಪ್ರಶ್ನೆ ಕೇಳಿದ್ರು: ಅಲ್ಲಾಹ್ ಆ ಫಲವನ್ನೇ ತಡೆದುಬಿಟ್ಟರೆ ನಿಮ್ಮ ಸೋದರನ ದುಡ್ಡನ್ನ ಯಾವುದರ ಬದಲಿಗೆ ತಗೋತೀರಿ? ನನಗೆ ಈ ಪ್ರಶ್ನೆ ಯಾವ ಫೈನಾನ್ಸ್ ಪುಸ್ತಕದ್ದಕ್ಕಿಂತ ದೊಡ್ಡದು ಅನ್ಸುತ್ತೆ. ಮಳೆ ಜಾಸ್ತಿಯಾಗಿ ಕೊಳೆ ರೋಗ ಬಂದ ವರ್ಷ ಮೊತ್ತಕ್ಕೆ ಚೇಣಿ ಹಿಡಿದವನ ಮನೆ ಕಥೆ ಏನಾಗುತ್ತೆ ಅಂತ ನೋಡಿದವರಿಗೆ ಗೊತ್ತು. ಇಡೀ ತೋಟಕ್ಕೆ ಇಷ್ಟು ಅಂತ ಮೊತ್ತ ಕಟ್ಟದೆ, ಕೊಯ್ದಿದ್ದು ತೂಗಿ ಕ್ವಿಂಟಲಿಗೆ ಇಷ್ಟು ಅಂತ ಲೆಕ್ಕ ಮಾಡ್ಕೊಳ್ಳೋ ಚೇಣಿಯಲ್ಲಿ ಈ ತೊಂದರೆ ತುಂಬಾ ಕಮ್ಮಿ ಆಗುತ್ತೆ.

ಹಾಗಂತ ಮುಂದಿನ ಫಸಲಿಗೆ ಮೊದಲೇ ದುಡ್ಡು ಕೊಡೋದೇ ತಪ್ಪಾ ಅಂದ್ರೆ ಅದೂ ಅಲ್ಲ. ಮದೀನಾದ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮೊದಲೇ ದುಡ್ಡು ಕೊಡ್ತಿದ್ರು, ಅದನ್ನ ನಿಲ್ಲಿಸಲಿಲ್ಲ, ಶರತ್ತು ಹಾಕಿದ್ರು: ಅಳತೆ ಗೊತ್ತಿರಲಿ, ತೂಕ ಗೊತ್ತಿರಲಿ, ಕೊಡೋ ದಿನ ಗೊತ್ತಿರಲಿ. ಇದೇ ಸಲಮ್. ಇದರಲ್ಲಿ ಇಂಥದ್ದೇ ಮರದ ಕಾಯಿ ಅಂತ ಇರಲ್ಲ, ಇಂಥ ಗುಣಮಟ್ಟದ್ದು ಇಷ್ಟು ತೂಕ ಅಂತ ಇರುತ್ತೆ, ಮತ್ತೆ ಬೆಲೆ ಪೂರ್ತಿ ಮುಂಗಡವಾಗಿ ಕೊಡಲೇಬೇಕು. ಯಾಕಂದ್ರೆ ದುಡ್ಡೂ ಆಮೇಲೆ, ಮಾಲೂ ಆಮೇಲೆ ಅಂದ್ರೆ ಅಲ್ಲಿ ಯಾರ ಕೈಗೂ ಏನೂ ಬಂದಿಲ್ಲ, ಸಾಲಕ್ಕೆ ಸಾಲ ಮಾರಿದ ಹಾಗಾಯ್ತು. ಈ ಒಂದು ಶರತ್ತು ನೆನಪಿಟ್ಕೊಳ್ಳಿ, ಮುಂದೆ ಫ್ಯೂಚರ್ಸ್ ವಿಷಯ (ಇವತ್ತೇ ರೇಟು ಕಟ್ಟಿ ಮುಂದಿನ ದಿನಕ್ಕೆ ಮಾಡ್ಕೊಳ್ಳೋ ವ್ಯಾಪಾರ) ಬಂದಾಗ ಬೇಕಾಗುತ್ತೆ. ನನಗೆ ಇಲ್ಲಿ ಕಾಣೋದು ಏನಂದ್ರೆ ಶರೀಅತ್ ಮಾರ್ಕೆಟ್ ಅಂದ್ರೆ ಹೆದರೋ ಕಾನೂನಲ್ಲ, ಮಾರ್ಕೆಟ್ ಒಳಗೆ ಏನೇನು ಮೋಸ ನಡೆಯುತ್ತೆ ಅಂತ ಚೆನ್ನಾಗಿ ಗೊತ್ತಿದ್ದು ಬಂದ ಕಾನೂನು. ಹಳ್ಳಿಯಿಂದ ಬರೋ ರೈತನನ್ನ ಸಂತೆ ಮುಟ್ಟೋ ಮೊದಲೇ ದಾರಿಯಲ್ಲಿ ಅಡ್ಡಹಾಕಿ ಕಮ್ಮಿಗೆ ಹೊಡ್ಕೊಳ್ಳೋದು ಬೇಡ ಅಂತ ಇದೆ. ತಗೊಳ್ಳೋ ಮನಸ್ಸೇ ಇಲ್ಲದೆ ಹರಾಜಲ್ಲಿ ಸುಮ್ನೆ ಕೂಗಿ ರೇಟ್ ಏರಿಸೋದು ಬೇಡ ಅಂತ ಇದೆ, ಅದಕ್ಕೆ ನಜಶ್ ಅಂತಾರೆ. ಟೆಲಿಗ್ರಾಮ್ ಗ್ರೂಪಲ್ಲಿ ಯಾವುದೋ ಹತ್ತು ರೂಪಾಯಿ ಶೇರನ್ನ ನಾಳೆ ನಲವತ್ತು ಅಂತ ಏರಿಸಿ ತಮ್ಮದು ಮಾರಿ ಹೋಗ್ತಾರಲ್ಲ, ಅದು ನಜಶ್ ಅಲ್ಲದೆ ಬೇರೇನಲ್ಲ.

ಈಗ ಶೇರಿಗೆ ಬರೋಣ. ಶೇರು ಅಂದ್ರೆ ಕಂಪನಿಯಲ್ಲಿ ಪಾಲು, ಶಿರ್ಕತ್. ಕಂಪನಿ ಗೆದ್ದರೆ ಡಿವಿಡೆಂಡ್ ಅಂದ್ರೆ ಲಾಭದ ಪಾಲು, ಸೋತರೆ ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಉಳಿದಿದ್ದರೆ ನಿಮಗೆ, ಇಲ್ಲಾಂದ್ರೆ ಸೊನ್ನೆ. ಹೊಣೆ ಇದೆ, ಹಾಗಾಗಿ ಮೂಲದಲ್ಲಿ ಇದು ಹಲಾಲ್ ಅನ್ನೋದಕ್ಕೆ ಇವತ್ತು ದೊಡ್ಡ ತಕರಾರು ಇಲ್ಲ. ಕಂಪನಿ ಏನು ಕೆಲಸ ಮಾಡುತ್ತೆ ಅನ್ನೋದು ಮೊದಲ ಜರಡಿ, ಸಾರಾಯಿ, ಬಡ್ಡಿ ಬ್ಯಾಂಕು, ಫೈನಾನ್ಸ್ ಕಂಪನಿ, ಜೂಜಿನ ಆಪ್, ಹಂದಿ ಮಾಂಸ ಇವೆಲ್ಲ ಅಲ್ಲೇ ನಿಂತುಹೋಗುತ್ತೆ. ಕಷ್ಟ ಇರೋದು ಎರಡನೇ ಜರಡಿಯಲ್ಲಿ. ಸಿಮೆಂಟ್ ಮಾಡೋ ಕಂಪನಿನೂ ಬ್ಯಾಂಕಿಂದ ಬಡ್ಡಿಗೆ ಸಾಲ ತಗೊಂಡಿರುತ್ತೆ, ಸಾಫ್ಟ್‌ವೇರ್ ಕಂಪನಿನೂ ಉಳಿದ ದುಡ್ಡನ್ನ ಎಫ್‌ಡಿಯಲ್ಲಿಟ್ಟು ಬಡ್ಡಿ ತಗೋತಿರುತ್ತೆ. ಬಡ್ಡಿ ಸೋಕದ ಲಿಸ್ಟೆಡ್ ಕಂಪನಿ ಹುಡುಕೋಕೆ ಹೋದ್ರೆ ಸಿಗೋದೇ ಕಷ್ಟ.

ಇಲ್ಲಿ ದೊಡ್ಡ ದೊಡ್ಡ ಆಲಿಮ್‌ಗಳೇ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಜೆದ್ದಾದ ಇಂಟರ್‌ನ್ಯಾಷನಲ್ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಅದು ಇಸ್ಲಾಮಿಕ್ ದೇಶಗಳ ಸಂಘಟನೆ ಓಐಸಿಗೆ ಸೇರಿದ್ದು, 1992ರಲ್ಲಿ ಮಾಡಿದ ನಿರ್ಣಯದಲ್ಲಿ ಕೆಲಸ ಹಲಾಲ್ ಇದ್ರೂ ಆಗಾಗ ಬಡ್ಡಿ ವ್ಯವಹಾರ ಮಾಡೋ ಕಂಪನಿಯಲ್ಲಿ ಪಾಲು ತಗೊಳ್ಳೋದು ಮೂಲತಃ ಹರಾಮ್ ಅಂತು. ಬಹ್ರೈನಲ್ಲಿರೋ ಅಯೋಫಿ, ಇಸ್ಲಾಮಿಕ್ ಬ್ಯಾಂಕುಗಳಿಗೆ ಶರೀಅತ್ ಸ್ಟ್ಯಾಂಡರ್ಡ್ ಬರೆಯೋ ಸಂಸ್ಥೆ, ತನ್ನ 21ನೇ ಸ್ಟ್ಯಾಂಡರ್ಡಲ್ಲಿ ಶರತ್ತಿನ ಮೇಲೆ ಒಪ್ಪಿಗೆ ಕೊಡ್ತು: ಬಡ್ಡಿ ಸಾಲ ಕಂಪನಿಯ ಮಾರ್ಕೆಟ್ ಕ್ಯಾಪ್‌ನ 30 ಪರ್ಸೆಂಟ್ ದಾಟಬಾರದು, ಬಡ್ಡಿ ಬರೋ ಡಿಪಾಸಿಟ್ಟೂ 30 ದಾಟಬಾರದು, ಹರಾಮ್ ಮೂಲದ ಆದಾಯ ಒಟ್ಟು ಆದಾಯದ 5 ಪರ್ಸೆಂಟ್ ಒಳಗಿರಬೇಕು. ಪಾಕಿಸ್ತಾನದ ಮುಫ್ತಿ ತಕಿ ಉಸ್ಮಾನಿಯವರೂ ಇಂಥದ್ದೇ ಶರತ್ತು ಹಾಕಿ ಶೇರಿಗೆ ದಾರಿ ತೋರಿಸಿದವರು. ಮಲೇಷ್ಯಾದ ಸೆಕ್ಯೂರಿಟೀಸ್ ಕಮಿಷನ್ ವರ್ಷಕ್ಕೆ ಎರಡು ಸಲ ಹಲಾಲ್ ಶೇರುಗಳ ಪಟ್ಟಿ ಹೊರಡಿಸುತ್ತೆ, ಅವರದ್ದು 33 ಪರ್ಸೆಂಟ್, ಆದ್ರೆ ಮಾರ್ಕೆಟ್ ಕ್ಯಾಪ್ ಮೇಲಲ್ಲ, ಕಂಪನಿಯ ಒಟ್ಟು ಆಸ್ತಿಯ ಮೇಲೆ.

ಈ ಕೊನೇ ಫರಕ್ ಸಣ್ಣದು ಅನ್ಕೋಬೇಡಿ. ಮಾರ್ಕೆಟ್ ಕ್ಯಾಪ್ ಅಂದ್ರೆ ಶೇರಿನ ರೇಟ್ ಇಂಟು ಶೇರುಗಳ ಸಂಖ್ಯೆ. ಹಂಗಾದ್ರೆ ಕಂಪನಿಯ ಸಾಲ ಒಂದು ರೂಪಾಯಿನೂ ಇಳಿಯದೆ ಬರೀ ಶೇರಿನ ರೇಟ್ ಏರಿದ್ರೆ ಹರಾಮ್ ಇದ್ದ ಕಂಪನಿ ಹಲಾಲ್ ಪಟ್ಟಿಗೆ ಬಂದುಬಿಡುತ್ತೆ, ಮಾರ್ಕೆಟ್ ಕುಸಿದ ವಾರ ಮತ್ತೆ ಹೊರಗೆ ಹೋಗುತ್ತೆ. ಕಂಪನಿ ಬಡ್ಡಿ ಕಟ್ಟೋದು ಅಷ್ಟೇ, ಬದಲಾಗಿದ್ದು ಜನರ ಉತ್ಸಾಹ ಮಾತ್ರ. ಇದು ನನಗೆ ಸರಿ ಅನ್ಸಲ್ಲ, ಆಸ್ತಿಯ ಮೇಲೆ ಲೆಕ್ಕ ಹಾಕೋ ಮಲೇಷ್ಯಾದ ದಾರಿ ಹೆಚ್ಚು ನಿಲ್ಲೋ ಥರದ್ದು ಅನ್ಸುತ್ತೆ. ಮೂರನೇ ಒಂದು ಅನ್ನೋ ಗೆರೆಗೆ ಆಧಾರ ಕೊಡೋರು, ಸಅದ್ ಬಿನ್ ಅಬೀ ವಕ್ಕಾಸ್ ಅವರು ಆಸ್ತಿಯಲ್ಲಿ ಎಷ್ಟು ದಾನಕ್ಕೆ ಬರೆದಿಡಲಿ ಅಂತ ಕೇಳಿದಾಗ ಪ್ರವಾದಿಯವರು ಮೂರನೇ ಒಂದು, ಅದೂ ಜಾಸ್ತಿನೇ ಅಂದ ಹದೀಸನ್ನ ಹೇಳ್ತಾರೆ. ಅದು ಉಯಿಲಿನ ವಿಷಯದ ಹದೀಸ್, ಸಾಲದ ವಿಷಯದ್ದಲ್ಲ. ಅಂದ್ರೆ ಈ ಅಂಕಿಗಳು ಆಲಿಮ್‌ಗಳ ಇಜ್ತಿಹಾದ್, ಕಾಲ ನೋಡಿ ಹಾಕಿದ ಗೆರೆ, ಆಕಾಶದಿಂದ ಇಳಿದಿದ್ದಲ್ಲ. ಆಪಲ್ಲಿ ಹಸಿರು ಟಿಕ್ ಬಂತು ಅಂತ ಮನಸ್ಸಿನ ಬಾಗಿಲು ಹಾಕ್ಕೊಳ್ಳೋದಕ್ಕಿಂತ ಬ್ಯಾಲೆನ್ಸ್ ಶೀಟ್ ತೆಗೆದು ಸಾಲದ ಸಾಲು ಒಂದ್ಸಲ ಕಣ್ಣಾರೆ ನೋಡೋದು ಒಳ್ಳೇದು, ಸಾಲವೇ ಇಲ್ಲದ ಒಳ್ಳೆ ಕಂಪನಿಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ.

ಅಷ್ಟಾದ ಮೇಲೂ ಉಳಿಯೋ ಬಡ್ಡಿಯ ಅಂಶನ ಶುದ್ಧ ಮಾಡಬೇಕು. ಕಂಪನಿಯ ಆದಾಯದಲ್ಲಿ 2 ಪರ್ಸೆಂಟ್ ಬಡ್ಡಿಯಿಂದ ಬಂದಿದ್ರೆ, ನಿಮಗೆ 5000 ಡಿವಿಡೆಂಡ್ ಬಂದ್ರೆ 100 ರೂಪಾಯಿ ಬಡವರಿಗೆ ಕೊಟ್ಟುಬಿಡಿ, ಸವಾಬ್ (ಪುಣ್ಯ) ಆಸೆ ಇಲ್ಲದೆ. ಅಯೋಫಿ ಇನ್ನೂ ಕಟ್ಟುನಿಟ್ಟು, ಡಿವಿಡೆಂಡ್ ಹಂಚದೇ ಇದ್ರೂ ನಿಮ್ಮ ಶೇರಿನ ಪಾಲಿಗೆ ಬರೋ ಆ ಅಂಶ ತೆಗೀಬೇಕು ಅನ್ನುತ್ತೆ. ನಮ್ಮ ದೇಶದ ಶೇರುಪೇಟೆಗಳಲ್ಲೇ ನೋಡಿದ್ರೆ, ಬಿಎಸ್‌ಇಯಲ್ಲಿ 2010ರಲ್ಲಿ ಟಾಸಿಸ್ ಶರಿಯಾ 50 ಸೂಚ್ಯಂಕ ಶುರುವಾಯ್ತು, ಎನ್‌ಎಸ್‌ಇಯಲ್ಲಿ ನಿಫ್ಟಿ 50 ಶರಿಯಾ ಇದೆ, ಟಾಟಾ ಎಥಿಕಲ್ ಫಂಡ್ ಥರದ ಮ್ಯೂಚುಯಲ್ ಫಂಡ್‌ಗಳಿವೆ. ಹಲಾಲ್ ದಾರಿನೇ ಇಲ್ಲ ಅನ್ನೋ ಮಾತು ಹಳೇದಾಯ್ತು. ಸಾಲಪತ್ರಗಳಲ್ಲಿ ದುಡ್ಡು ಹಾಕೋ ಡೆಟ್ ಫಂಡ್ ಬೇಡ, ಅದು ಬಡ್ಡಿನೇ. ಸರ್ಕಾರದ ಗೋಲ್ಡ್ ಬಾಂಡಲ್ಲಿ ಚಿನ್ನದ ಬೆಲೆ ಜೊತೆ ವರ್ಷಕ್ಕೆ ಎರಡೂವರೆ ಪರ್ಸೆಂಟ್ ಬಡ್ಡಿ ಸೇರಿದೆ, ತುಂಬಾ ಜನ ಇದನ್ನ ಗಮನಿಸೋದೇ ಇಲ್ಲ. ಕ್ರಿಪ್ಟೋ ಬಗ್ಗೆ ಜಾಸ್ತಿ ಬರೆಯಲ್ಲ, ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ 2018ರಲ್ಲಿ ಬಿಟ್‌ಕಾಯಿನ್ ಹರಾಮ್ ಅಂದ್ರು, ಇಂಡೋನೇಷ್ಯಾದ ಉಲಮಾ ಕೌನ್ಸಿಲ್ 2021ರಲ್ಲಿ ಕ್ರಿಪ್ಟೋನ ಕರೆನ್ಸಿಯಾಗಿ ಬಳಸೋದು ಹರಾಮ್ ಅಂತು, ಬೇರೆ ಅಭಿಪ್ರಾಯದವರೂ ಇದ್ದಾರೆ, ನನ್ನ ಪಾಲಿಗೆ ದೂರ ಇರೋದೇ ವಾಸಿ.

ಖರೀದಿ ಮಾಡಿದ್ದು ಕೈಗೆ ಬರೋದಕ್ಕೆ ಕಬ್ಜಾ ಅಂತೀವಿ. ಹಕೀಮ್ ಬಿನ್ ಹಿಜಾಮ್ ಅನ್ನೋ ಸಹಾಬಿ (ಪ್ರವಾದಿಯವರ ಸಂಗಾತಿ) ಪ್ರವಾದಿಯವರನ್ನ ಕೇಳ್ತಾರೆ, ನನ್ನ ಹತ್ರ ಇಲ್ಲದ ಮಾಲು ಕೇಳ್ಕೊಂಡು ಗಿರಾಕಿ ಬರ್ತಾನೆ, ಅವನಿಗೆ ಮಾರಿ ಆಮೇಲೆ ಮಾರ್ಕೆಟಿಂದ ತಂದುಕೊಡಲಾ? ಉತ್ತರ, ನಿನ್ನ ಹತ್ರ ಇಲ್ಲದ್ದನ್ನ ಮಾರಬೇಡ. ಒಂದೇ ದಿನದಲ್ಲಿ ವ್ಯವಹಾರ ಮುಗಿಸೋ ಇಂಟ್ರಾಡೇನಲ್ಲಿ ಮೊದಲು ಮಾರಿ ಮಧ್ಯಾಹ್ನ ವಾಪಸ್ ತಗೊಳ್ಳೋ ಶಾರ್ಟ್ ಸೆಲ್ಲಿಂಗ್‌ಗೆ ಇದಕ್ಕಿಂತ ನೇರ ಉತ್ತರ ಬೇಕಾ? ಬೆಳಿಗ್ಗೆ ತಗೊಂಡು ಮಧ್ಯಾಹ್ನ ಮಾರೋದರಲ್ಲಿ ಮಾತ್ರ ಸ್ವಲ್ಪ ಚರ್ಚೆ ಇದೆ. ನಮ್ಮಲ್ಲಿ 2023ರ ಜನವರಿಯಿಂದ ಎಲ್ಲಾ ಶೇರುಗಳೂ ಟಿ ಪ್ಲಸ್ ಒನ್, ಅಂದ್ರೆ ಇವತ್ತು ತಗೊಂಡಿದ್ದು ಮುಂದಿನ ಟ್ರೇಡಿಂಗ್ ದಿನ ನಿಮ್ಮ ಡಿಮ್ಯಾಟಿಗೆ, ಅಂದ್ರೆ ಶೇರು ಇಡೋ ಖಾತೆಗೆ, ಬರುತ್ತೆ. ಅದು ಬರೋ ಮೊದಲು ಮಾರಿದ್ರೆ ಕಬ್ಜಾ ಆಗಿಲ್ಲ, ಹಾಗಾಗಿ ಜಾಯಿಜ್ ಇಲ್ಲ, ಅಂದ್ರೆ ಶರೀಅತ್‌ನಲ್ಲಿ ಒಪ್ಪಿಗೆ ಇಲ್ಲ, ಅಂತ ನಮ್ಮ ಕಡೆಯ ಹೆಚ್ಚಿನ ಮುಫ್ತಿಗಳು ಹೇಳ್ತಾರೆ. ಆರ್ಡರ್ ಆದ ಕ್ಷಣಕ್ಕೇ ಲಾಭ ನಷ್ಟದ ಹೊಣೆ ಖರೀದಿದಾರನಿಗೆ ಬಂದುಬಿಡುತ್ತೆ, ಅದೇ ಕಬ್ಜಾ ಅಂತ ಒಪ್ಪೋರೂ ಇದ್ದಾರೆ. ನನಗೆ ಮೊದಲನೇ ಮಾತೇ ಸರಿ ಕಾಣುತ್ತೆ, ಕಾರಣ ಫಿಕ್ಹ್ ಪುಸ್ತಕದ್ದಲ್ಲ, ಟ್ಯಾಕ್ಸ್ ಪುಸ್ತಕದ್ದು. ನಮ್ಮ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯಲ್ಲಿ, ನಿಜವಾದ ಡೆಲಿವರಿ ಇಲ್ಲದೆ ಚುಕ್ತಾ ಆಗೋ ವ್ಯವಹಾರವನ್ನ ಸ್ಪೆಕ್ಯುಲೇಟಿವ್ ಅಂತ ಬೇರೆಯೇ ಇಟ್ಟಿದ್ದಾರೆ, ಇಂಟ್ರಾಡೇ ಶೇರು ಅದರಲ್ಲೇ ಬರುತ್ತೆ, ಅದರ ನಷ್ಟನ ಬೇರೆ ವ್ಯಾಪಾರದ ಲಾಭದಲ್ಲಿ ಕಳೆಯೋಕೂ ಬಿಡಲ್ಲ. ಧರ್ಮದ ಗೊಡವೆನೇ ಇಲ್ಲದ ಕಾನೂನು ಕೂಡ ಡೆಲಿವರಿ ಆಯ್ತಾ ಇಲ್ವಾ ಅಂತಾನೇ ಕೇಳ್ತಿದೆ.

ಎಫ್ ಅಂಡ್ ಓ, ಅಂದ್ರೆ ಫ್ಯೂಚರ್ಸ್ ಮತ್ತೆ ಆಪ್ಷನ್ಸ್ ವಿಷಯಕ್ಕೆ ಬಂದ್ರೆ ನನಗೆ ಸಮಾಧಾನದಿಂದ ಬರೆಯೋಕೆ ಆಗಲ್ಲ. ಜೆದ್ದಾ ಅಕಾಡೆಮಿ ಅದೇ 1992ರಲ್ಲಿ ಆಪ್ಷನ್ (ಮುಂದೆ ಇಂಥ ರೇಟಿಗೆ ಕೊಳ್ಳೋ ಇಲ್ಲಾ ಮಾರೋ ಹಕ್ಕನ್ನ ದುಡ್ಡು ಕೊಟ್ಟು ಪಡೆಯೋದು) ಜಾಯಿಜ್ ಇಲ್ಲ ಅಂತು, ಆಪ್ಷನ್ ಅನ್ನೋದು ಮಾಲೂ ಅಲ್ಲ, ಸೇವೆಯೂ ಅಲ್ಲ, ಮಾರಬಹುದಾದ ಹಕ್ಕೂ ಅಲ್ಲ ಅನ್ನೋ ಕಾರಣಕ್ಕೆ. ಫ್ಯೂಚರ್ಸಲ್ಲಿ ಮೇಲೆ ಹೇಳಿದ ಹಾಗೆ ದುಡ್ಡೂ ಮುಂದೆ, ಮಾಲೂ ಮುಂದೆ. ಮಲೇಷ್ಯಾದವರು ತಾಳೆ ಎಣ್ಣೆ ಫ್ಯೂಚರ್ಸಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಅಲ್ಲಿ ನಿಜವಾದ ಎಣ್ಣೆ ಇದೆ, ರೇಟ್ ಬಿದ್ರೆ ಸಾಯೋ ಬೆಳೆಗಾರ ಇದ್ದಾನೆ, ಆ ಅಗತ್ಯ ನನಗೂ ಅರ್ಥ ಆಗುತ್ತೆ. ನಿಫ್ಟಿ ಆಪ್ಷನ್ನಲ್ಲಿ ಏನಿದೆ? ಸೂಚ್ಯಂಕ ಒಂದು ಅಂಕಿ, ಆ ಅಂಕಿಯ ಡೆಲಿವರಿ ಯಾರಿಗೂ ಯಾವತ್ತೂ ಆಗಲ್ಲ, ಸಂಜೆ ಒಬ್ಬನ ಜೇಬಿಂದ ಇನ್ನೊಬ್ಬನ ಜೇಬಿಗೆ ವ್ಯತ್ಯಾಸದ ದುಡ್ಡು ಹೋಗುತ್ತೆ ಅಷ್ಟೇ. 1872ರ ಕಾಂಟ್ರಾಕ್ಟ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಒಪ್ಪಂದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲ. ಹಾಗಾಗಿ ನಮ್ಮಲ್ಲಿ ಡೆರಿವೇಟಿವ್ಸ್, ಅಂದ್ರೆ ಈ ಫ್ಯೂಚರ್ಸ್ ಆಪ್ಷನ್ಸ್ ಥರದ್ದನ್ನ, ತರೋ ಮೊದಲು 1999ರಲ್ಲಿ ಸೆಕ್ಯೂರಿಟೀಸ್ ಕಾಂಟ್ರಾಕ್ಟ್ಸ್ ಕಾಯ್ದೆಗೆ 18ಎ ಅನ್ನೋ ಸೆಕ್ಷನ್ ಸೇರಿಸಿ, ಬೇರೆ ಕಾನೂನು ಏನೇ ಹೇಳಲಿ, ಎಕ್ಸ್‌ಚೇಂಜಲ್ಲಿ ನಡೆದ್ರೆ ಇದು ಸಿಂಧು ಅಂತ ಬರೆದುಕೊಟ್ಟರು, 2000ದಲ್ಲಿ ಶುರುವಾಯ್ತು. ಕಾನೂನಿಗೆ ಹಾಗೆ ಬರೆದುಕೊಡೋ ಅಧಿಕಾರ ಇದೆ. ಶರೀಅತ್‌ನಲ್ಲಿ ಮೈಸಿರ್ ಅಂದ್ರೆ ಜೂಜಿಗೆ ಅಂಥ ರಿಯಾಯಿತಿ ಕೊಡೋಕೆ ಯಾರಿಗೂ ಅಧಿಕಾರ ಇಲ್ಲ.

ಶೇರು ಮಾರ್ಕೆಟ್ ನಿಯಂತ್ರಿಸೋ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಲ್ಲಿ ಕೊಟ್ಟ ಲೆಕ್ಕ ನೋಡಿ. 2021-22ರಿಂದ 2023-24ರ ತನಕ ಮೂರು ವರ್ಷದಲ್ಲಿ ಎಫ್ ಅಂಡ್ ಓ ಆಡಿದ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಜನ ನಷ್ಟದಲ್ಲಿದ್ದಾರೆ, ಎಲ್ಲರದ್ದೂ ಸೇರಿ ಕಳ್ಕೊಂಡಿದ್ದು 1.8 ಲಕ್ಷ ಕೋಟಿ ರೂಪಾಯಿ. ನನ್ನ ಟೇಬಲಿಗೆ ಬರೋ ಸ್ಟೇಟ್‌ಮೆಂಟ್‌ಗಳೂ ಇದನ್ನೇ ಹೇಳ್ತಾವೆ. ಡೆಲಿವರಿ ಕೊಡೋ ಹುಡುಗ, ಮೊಬೈಲ್ ರಿಪೇರಿ ಹುಡುಗ, ಸೌದಿಯಿಂದ ಅಣ್ಣ ಕಳಿಸಿದ ದುಡ್ಡಲ್ಲಿ ಆಪ್ಷನ್ ಅವಧಿ ಮುಗಿಯೋ ಎಕ್ಸ್‌ಪೈರಿ ದಿನ ಕಾಲ್ ಪುಟ್ ಅಂತ ಕೂತಿರೋ ಡಿಗ್ರಿ ಓದ್ತಿರೋ ಹುಡುಗ, ಇವರು ಐದು ಹೊತ್ತು ನಮಾಜ್ ಮಾಡೋರು, ಇಸ್ಪೀಟ್ ಎಲೆ ಕೈಯಲ್ಲಿ ಮುಟ್ಟದ ಮಕ್ಕಳು. ಮಸ್ಲಾ (ಧರ್ಮದ ನಿಯಮ) ಕೇಳಿದ್ರೆ, ಭಾಯ್ ಇದು ಶೇರ್ ಮಾರ್ಕೆಟ್, ಶೇರ್ ಹಲಾಲ್ ಅಂತ ಹಜ್ರತ್ ಹೇಳಿದ್ರಲ್ಲ ಅಂತಾರೆ. ಹಜ್ರತ್ ಹೇಳಿದ್ದು ಕಂಪನಿಯ ಪಾಲಿನ ಬಗ್ಗೆ, ಅದೇ ಆಪಿನ ಅದೇ ಸ್ಕ್ರೀನಲ್ಲಿ ಪಕ್ಕದಲ್ಲೇ ಇನ್ನೊಂದು ಬಟನ್ ಇದೆ ಅನ್ನೋದು ಅವರಿಗೆ ಯಾರೂ ತೋರಿಸಿರಲ್ಲ. ಈ ಹುಡುಗರ ಮೇಲೆ ನನಗೆ ಸಿಟ್ಟು ಬರಲ್ಲ, ಇವರಿಗೆ ಬಿಡಿಸಿ ಹೇಳೋರು ಇರಲಿಲ್ಲವಲ್ಲ ಅಂತ ಸಂಕಟ ಆಗುತ್ತೆ.

ಇನ್ನೊಂದು ಕಡೆ ಇದಕ್ಕೆ ಪೂರ್ತಿ ವಿರುದ್ಧ ಇರೋರು. ಶೇರ್ ಮಾರ್ಕೆಟ್ ಅಂದ್ರೇನೇ ಹರಾಮ್, ಬ್ಯಾಂಕ್ ಬಡ್ಡಿ ಮುಟ್ಟಲ್ಲ, ಎಲ್‌ಐಸಿ ಬೇಡ. ಆ ಪರಹೇಜ್‌ಗೆ (ಸಂಯಮಕ್ಕೆ) ನನ್ನ ತಲೆ ಬಾಗುತ್ತೆ. ಆದ್ರೆ ಅವರ ಉಳಿತಾಯ ಎಲ್ಲಿಗೆ ಹೋಗ್ಬೇಕು? ನಮ್ಮ ದೇಶದಲ್ಲಿ ಬಡ್ಡಿ ಇಲ್ಲದ ಬ್ಯಾಂಕಿಂಗ್ ಇಲ್ಲ, 2008ರಲ್ಲಿ ರಘುರಾಮ್ ರಾಜನ್ ಸಮಿತಿ ಅದಕ್ಕೆ ಶಿಫಾರಸು ಮಾಡಿತ್ತು, ಕೊನೆಗೆ ರಿಸರ್ವ್ ಬ್ಯಾಂಕ್ ಮುಂದುವರಿಸಲ್ಲ ಅಂತ ಕೈಬಿಡ್ತು. ಆ ಖಾಲಿ ಜಾಗಕ್ಕೆ ಬಂದು ಕೂತಿದ್ದು ಹಲಾಲ್ ಹೆಸರಿನ ಸ್ಕೀಮ್‌ಗಳು. ಬೆಂಗಳೂರಿನ ಶಿವಾಜಿನಗರದ ಐಎಂಎ ಅನ್ನೋ ಹೂಡಿಕೆ ಕಂಪನಿ ಎಲ್ಲರಿಗೂ ನೆನಪಿದೆ. ದುಡ್ಡು ಹಾಕಿದವರನ್ನ ಪಾರ್ಟ್‌ನರ್ ಅಂತ ಕಾಗದದಲ್ಲಿ ಬರೀತಿದ್ರು, ತಿಂಗಳು ತಿಂಗಳು ಲಾಭದ ಪಾಲು ಅಂತ ಕೊಡ್ತಿದ್ರು, 2019ರ ಜೂನ್‌ನಲ್ಲಿ ಮಾಲೀಕ ಮನ್ಸೂರ್ ಖಾನ್ ಹೆಸರಲ್ಲಿ ಒಂದು ಆಡಿಯೋ ಹೊರಗೆ ಬಂತು, ಅವರು ದುಬೈಗೆ ಹೋಗಿದ್ರು, ಜುಲೈನಲ್ಲಿ ದೆಹಲಿ ಏರ್‌ಪೋರ್ಟಲ್ಲಿ ಇಳಿದಾಗ ಹಿಡಿದ್ರು. ಅಷ್ಟರಲ್ಲಿ ದೂರು ಕೊಡೋಕೆ ಹತ್ತಾರು ಸಾವಿರ ಜನ ಸಾಲು ನಿಂತಿದ್ರು, ಸುಮಾರು 4000 ಕೋಟಿ ರೂಪಾಯಿ ಹಗರಣ ಅಂತ ಪೇಪರ್‌ಗಳು ಬರೆದ್ವು. ಎಸ್‌ಐಟಿ, ಆಮೇಲೆ ಸಿಬಿಐ, ಈಗ ಕೋರ್ಟಿನ ವಿಷಯ, ಅದರ ತಪ್ಪು ಒಪ್ಪು ನಾನು ಹೇಳೋದಿಲ್ಲ.

ನಾನು ಹೇಳೋದು ಮಸೀದಿಯಲ್ಲಿ ಕೂತು ಯಾರು ಬೇಕಾದ್ರೂ ಕೇಳಬಹುದಿದ್ದ ಪ್ರಶ್ನೆ. ವ್ಯಾಪಾರ ಅಂದ ಮೇಲೆ ಒಂದು ತಿಂಗಳು ಏರು ಒಂದು ತಿಂಗಳು ಇಳಿ ಇರಲೇಬೇಕು. ವರ್ಷಗಟ್ಟಲೆ ಒಂದು ತಿಂಗಳೂ ನಷ್ಟನೇ ತೋರಿಸದ ಪಾರ್ಟ್‌ನರ್‌ಶಿಪ್ ಎಂಥದ್ದು? ಯಾವ ಮಾಲು ತಗೊಂಡ್ರಿ, ಯಾರಿಗೆ ಮಾರಿದ್ರಿ, ಆಡಿಟ್ ಆದ ಲೆಕ್ಕ ಎಲ್ಲಿ ಅಂತ ಪಾಲುದಾರ ಕೇಳಬಾರದಾ? ಖರಾಜ್ ಬಿಲ್ ಜಮಾನ್ ಅನ್ನೋದು ಬರೀ ಮದರಸಾದ ಪಾಠ ಅಂತ ಅಲ್ಲೇ ಬಿಟ್ಟುಬಂದಿದ್ದರಿಂದ, ಗಂಡ ಸತ್ತು ಮಕ್ಕಳ ಮದುವೆಗೆ ಅಂತ ಇಟ್ಟಿದ್ದ ಒಡವೆ ಮಾರಿದ ಹೆಂಗಸರು, ಗಲ್ಫಿಂದ ವಾಪಸ್ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಸುರಿದ ಗಂಡಸರು ಬೀದಿಗೆ ಬಂದ್ರು. ಐಎಂಎ ಒಂದೇ ಅಲ್ಲ, ಸಣ್ಣ ಊರುಗಳಲ್ಲೂ ಇಂಥವು ಬಂದು ಹೋಗಿವೆ. ನನ್ನ ಖಾಲಾ ಒಬ್ಬರು ಇಂಥದ್ದೇ ಬೇರೊಂದರಲ್ಲಿ ಹಾಕಿದ್ರು, ಯಾಕೆ ಖಾಲಾ ಅಂದ್ರೆ, ಬಡ್ಡಿ ತಿನ್ನಬಾರದು ಅಂತ ತಾನೇ ಬೇಟಾ ಹಾಕಿದ್ದು ಅಂದ್ರು. ಅವರ ನಿಯತ್ತು ಚೊಕ್ಕವಾಗಿತ್ತು. ಟಿವಿಎಸ್ಸೋ ಇನ್ಫೋಸಿಸ್ಸೋ ಅಂಥ ಲಿಸ್ಟೆಡ್ ಕಂಪನಿಯ ಶೇರು ತಗೊಂಡಿದ್ರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಬಹಿರಂಗ ಆಗ್ತಿತ್ತು, ರೇಟು ಇಳಿದ್ರೂ ಕಣ್ಣಿಗೆ ಕಾಣ್ತಿತ್ತು, ಆ ಕಂಪನಿ ಜರಡಿಯಲ್ಲಿ ಪಾಸಾಗುತ್ತಾ ಅಂತ ಆ ವರ್ಷದ ಬ್ಯಾಲೆನ್ಸ್ ಶೀಟ್ ನೋಡಿ ಹೇಳಬಹುದಿತ್ತು. ಆದ್ರೆ ಶೇರು ಹರಾಮ್ ಅಂತ ಅವರಿಗೆ ಹೇಳಿಯಾಗಿತ್ತು.

ಇನ್ನು ಜಕಾತ್. ಏರಿದಾಗ ಮಾರೋ ಉದ್ದೇಶಕ್ಕೇ ತಗೊಂಡ ಶೇರು ವ್ಯಾಪಾರದ ಮಾಲು, ಜಕಾತ್ ಕೊಡೋ ದಿನದ ಮಾರ್ಕೆಟ್ ಬೆಲೆಗೆ ಎರಡೂವರೆ ಪರ್ಸೆಂಟ್. ವರ್ಷಗಟ್ಟಲೆ ಇಟ್ಕೊಂಡು ಡಿವಿಡೆಂಡ್ ತಗೊಳ್ಳೋರಿಗೆ ಕಂಪನಿಯ ಕಟ್ಟಡ, ಮೆಷಿನ್ ಮೇಲೆ ಜಕಾತ್ ಇಲ್ಲ, ನಗದು, ಸ್ಟಾಕು, ಬರಬೇಕಾದ ಬಾಕಿ ಇವುಗಳ ನಿಮ್ಮ ಪಾಲಿನ ಮೇಲೆ. ನಿಮ್ಮ ಶೇರು ಎರಡು ಲಕ್ಷದ್ದು, ಲೆಕ್ಕ ನೋಡಿದಾಗ ಅಂಥ ಆಸ್ತಿ 30 ಪರ್ಸೆಂಟ್ ಅಂತಾದ್ರೆ 60,000ಕ್ಕೆ 1500 ರೂಪಾಯಿ. ಲೆಕ್ಕ ಬಿಡಿಸೋಕೆ ಆಗಲ್ಲ ಅನ್ನೋರು ಪೂರ್ತಿ ಬೆಲೆಗೆ ಕೊಟ್ಟುಬಿಟ್ಟರೆ ನಿಶ್ಚಿಂತೆ.

ನಮ್ಮ ಜಮಾತ್ ಕಮಿಟಿಗೆ ನಾನು ಕೇಳ್ತಿರೋದು ಒಂದಿದೆ. ಶುಕ್ರವಾರದ ಜುಮಾ ಬಯಾನಲ್ಲಿ (ಪ್ರವಚನದಲ್ಲಿ) ಶೇರ್ ಮಾರ್ಕೆಟ್ ಅಂತ ಒಂದೇ ಮಾತಲ್ಲಿ ಹಲಾಲ್ ಹರಾಮ್ ಹೇಳಿ ಮುಗಿಸೋ ಬದಲು, ಮುಫ್ತಿ ಸಾಹೇಬರು, ಒಬ್ಬ ಸಿಎ, ಟ್ರೇಡಿಂಗ್ ಮಾಡೋ ನಾಲ್ಕು ಹುಡುಗರು ಒಂದು ಭಾನುವಾರ ಅಸರ್ ನಮಾಜ್ ಆದ ಮೇಲೆ ಕೂರಲಿ. ಹುಡುಗರು ಬ್ರೋಕರ್ ಕಳಿಸೋ ತಮ್ಮ ಕಾಂಟ್ರಾಕ್ಟ್ ನೋಟ್ (ವ್ಯವಹಾರದ ಬಿಲ್ಲು) ಪ್ರಿಂಟ್ ತರಲಿ. ಡೆಲಿವರಿ ಯಾವುದು, ಇಂಟ್ರಾಡೇ ಯಾವುದು, ಬ್ರೋಕರ್ ದುಡ್ಡು ಸೇರಿಸಿ ಬಡ್ಡಿ ಹಾಕೋ ಎಂಟಿಎಫ್ ಯಾವ ಸಾಲಲ್ಲಿದೆ, ಎಲ್ಲಾ ಮುಫ್ತಿ ಸಾಹೇಬರಿಗೆ ಬೆರಳಿಟ್ಟು ತೋರಿಸಲಿ. ಹೆಂಗಸರಿಗೂ ಪರದೆಯ ಆಚೆ ಜಾಗ ಇರಲಿ, ಒಡವೆ ಮಾರಿ ದುಡ್ಡು ಹಾಕಿ ಕಳ್ಕೊಂಡವರಲ್ಲಿ ಅವರೇ ತುಂಬಾ ಜನ ಇದ್ದಾರೆ, ಅವರಿಗೂ ಕೇಳೋದಿದೆ.